ಕೀಲಿಕೈ ಕಳೆದರೂ ಗುಟ್ಟು ಬೀಗದೊಳಗೇ ಇರುತ್ತದೆ

ಮಲಗುವ ಕೋಣೆಯ ಬಾಗಿಲು ಬೀಗ ಬಿದ್ದು ಕುಳಿತಿದೆ, ಕೀಲಿಕೈ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ತಮ್ಮ ಭುಜ, ಆಮೇಲೆ ಸುತ್ತಿಗೆ. ಎರಡಕ್ಕೂ ಆತುರ ಬೇಡ. ಮನೆಯೊಳಗಿನ ಕೋಣೆಗಳಿಗೆ ಹಾಕುವ ಬೀಗಗಳಲ್ಲಿ ಹಲವು ಕಳ್ಳರಿಗಾಗಿ ಮಾಡಿದವೇ ಅಲ್ಲ. ಬಾಗಿಲು ತಟ್ಟದೆ ಒಳನುಗ್ಗುವವರಿಗಾಗಿ ಮಾಡಿದವು. ಅವುಗಳನ್ನು ಹೊರಗಿನಿಂದ ಬಿಡಿಸುವ ದಾರಿಯನ್ನು ತಯಾರಕರೇ ಉಳಿಸಿರುತ್ತಾರೆ. ಇನ್ನು ನಿಜವಾದ ಕೀಲಿಕೈ ಬೇಡುವ ಬೀಗಗಳ ಮಾತು ಬೇರೆ. ಅಲ್ಲಿಯೂ ಕಳೆದುಹೋಗಿರುವುದು ಲೋಹದ ಒಂದು ತುಂಡು ಮಾತ್ರ. ಅದರ ಮೇಲೆ ಕೊರೆದಿದ್ದ ಮಾಹಿತಿ ಬೀಗದ ಹೊಟ್ಟೆಯಲ್ಲಿ ಹಾಗೆಯೇ ಇರುತ್ತದೆ.

ಮೊದಲು ಹಿಡಿಯನ್ನು ಚೆನ್ನಾಗಿ ನೋಡಿ. ಒಳಗಿನಿಂದ ಗುಂಡಿ ಒತ್ತಿ ಅಥವಾ ತಿರುವಿ ಹಾಕುವ ಬೀಗವಾದರೆ ಹೊರಗಿನ ಹಿಡಿಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ತೂತು ಇರುತ್ತದೆ, ಇಲ್ಲವೇ ನಾಣ್ಯದ ಅಂಚು ಹಿಡಿಸುವಷ್ಟು ಸೀಳು. ತೂತಿದ್ದರೆ ಬಾಗದ, ನೇರವಾದ ತೆಳು ಕಡ್ಡಿಯೊಂದನ್ನು ಒಳಕ್ಕೆ ಒತ್ತಿದರೆ ಗುಂಡಿ ಹೊರಚಿಮ್ಮುತ್ತದೆ, ಸೀಳಿದ್ದರೆ ತಿರುವಬೇಕು. ಅಲುಗಾಡದಿದ್ದರೆ ಬಾಗಿಲನ್ನು ಒಮ್ಮೆ ನಿಮ್ಮತ್ತ ಎಳೆದು, ಒಮ್ಮೆ ಒಳಕ್ಕೆ ತಳ್ಳಿ ಪ್ರಯತ್ನಿಸಿ. ಇದು ಬರಿಯ ಚಡಪಡಿಕೆಯಲ್ಲ. ಮರ ತೇವ ಹೀರಿಕೊಂಡಾಗ ಎಳೆಗಳ ಅಡ್ಡಕ್ಕೆ ಉಬ್ಬುತ್ತದೆ, ಕದ ಚೌಕಟ್ಟನ್ನು ಒತ್ತುತ್ತದೆ, ಆ ಒತ್ತಡವೆಲ್ಲ ಬೀಗದ ನಾಲಿಗೆಯ ಮೇಲೆ ಬೀಳುತ್ತದೆ. ಘರ್ಷಣೆ ಈ ಒತ್ತಡಕ್ಕೆ ಅನುಪಾತದಲ್ಲಿರುವುದರಿಂದ ಕದವನ್ನು ಕೂದಲೆಳೆಯಷ್ಟು ಸರಿಸಿದರೂ ನಾಲಿಗೆ ಸಡಿಲವಾಗಬಹುದು. ಹಳೆಯ ಮಾದರಿಯ ದೊಡ್ಡ ಕೀಲಿರಂಧ್ರವಿದ್ದರೆ ಬೇರೆ ಕೋಣೆಗಳ ಕೀಲಿಕೈಗಳನ್ನು ಹಾಕಿ ನೋಡಿ. ಇಂಥ ಬೀಗಗಳಲ್ಲಿ ಕೀಲಿಕೈಯನ್ನು ಪರೀಕ್ಷಿಸುವ ಭಾಗಗಳೇ ಒಂದೆರಡು; ಒಂದು ಮನೆಯ ಹಲವು ಬಾಗಿಲುಗಳಿಗೆ ಒಂದೇ ಕೀಲಿಕೈ ಒಗ್ಗುವುದು ಅಪರೂಪವೇನಲ್ಲ.

ಚಲನಚಿತ್ರಗಳ ಅಚ್ಚುಮೆಚ್ಚಿನ ಪ್ಲಾಸ್ಟಿಕ್ ಕಾರ್ಡ್‌ನ ಉಪಾಯ ಕೆಲಸ ಮಾಡುವುದು ಸ್ಪ್ರಿಂಗ್ ನಾಲಿಗೆಯ ಮೇಲೆ ಮಾತ್ರ. ಬಾಗಿಲು ತಾನಾಗಿ ಕಚ್ಚಿಕೊಳ್ಳಲೆಂದು ಆ ನಾಲಿಗೆಯ ಒಂದು ಮುಖವನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಮುಚ್ಚುವಾಗ ಚೌಕಟ್ಟಿನ ಲೋಹದ ಪಟ್ಟಿ ಈ ಓರೆಗೆ ತಗುಲಿ ನಾಲಿಗೆಯನ್ನು ಒಳಕ್ಕೆ ತಳ್ಳುತ್ತದೆ. ಕಾರ್ಡ್ ಮಾಡುವುದೂ ಅದನ್ನೇ. ಬಾಗಿಲು ಕೋಣೆಯೊಳಕ್ಕೆ ತೆರೆಯುವುದಾದರೆ ಓರೆ ಮುಖ ಹೊರಗೆ ನಿಂತ ನಿಮ್ಮ ಕಡೆಗಿರುತ್ತದೆ, ಆದರೆ ಚೌಕಟ್ಟಿನ ಮರದಂಚು ಅಡ್ಡ ಬರುವುದರಿಂದ ಕಾರ್ಡ್ ಬಾಗಿ ಒಳಹೋಗಬೇಕು. ಕಳೆದುಕೊಂಡರೂ ಚಿಂತೆಯಿಲ್ಲದ ಕಾರ್ಡನ್ನೇ ಬಳಸಿ, ಬ್ಯಾಂಕಿನದನ್ನಲ್ಲ. ಬಾಗಿಲು ನಿಮ್ಮ ಕಡೆಗೆ ತೆರೆಯುವುದಾದರೆ ನಾಲಿಗೆಯ ಚಪ್ಪಟೆ ಮುಖ ಎದುರಾಗುತ್ತದೆ, ಕಾರ್ಡ್ ಜಾರಲು ಇಳಿಜಾರೇ ಇಲ್ಲ. ಅದಕ್ಕೆ ಬದಲಾಗಿ ಹಿಂಜ್‌ಗಳು ನಿಮ್ಮ ಬದಿಯಲ್ಲಿರುತ್ತವೆ. ಅವುಗಳ ನಡುಗಡ್ಡಿ ಕಳಚಿಬರುವಂಥದ್ದಾಗಿದ್ದರೆ ಕೆಳಗಿನಿಂದ ತಟ್ಟಿ ಮೇಲಕ್ಕೆಬ್ಬಿಸಿ ತೆಗೆಯಬಹುದು: ಕೆಳಗಿನ ಹಿಂಜ್ ಮೊದಲು, ಮೇಲಿನದು ಕೊನೆಗೆ, ಇಲ್ಲವಾದರೆ ಕದ ನಿಮ್ಮ ಮೇಲೆಯೇ ವಾಲುತ್ತದೆ.

ಕಾರ್ಡನ್ನು ಸೋಲಿಸಲು ತಯಾರಕರು ಹೂಡಿದ ಪ್ರತಿತಂತ್ರವೂ ಸೊಗಸಾಗಿದೆ. ಕೆಲವು ಬೀಗಗಳಲ್ಲಿ ನಾಲಿಗೆಗೆ ಅಂಟಿಕೊಂಡಂತೆ ಇನ್ನೊಂದು ಪುಟ್ಟ ಕಡ್ಡಿ ಇರುತ್ತದೆ. ಬಾಗಿಲು ಮುಚ್ಚಿದಾಗ ನಾಲಿಗೆ ಚೌಕಟ್ಟಿನ ಕುಳಿಗೆ ಇಳಿಯುತ್ತದೆ, ಕಡ್ಡಿ ಮಾತ್ರ ಲೋಹದ ಪಟ್ಟಿಗೆ ಒತ್ತಿಕೊಂಡು ಹೊರಗುಳಿಯುತ್ತದೆ. ಪಕ್ಕದ ಕೋಣೆಯಲ್ಲಿ ಅಂಥದೇ ಬೀಗವಿದ್ದರೆ ಬಾಗಿಲು ತೆರೆದಿಟ್ಟು ಆ ಕಡ್ಡಿಯನ್ನು ಒಂದು ಬೆರಳಲ್ಲಿ ಒತ್ತಿಹಿಡಿದು ನಾಲಿಗೆಯನ್ನು ಇನ್ನೊಂದು ಬೆರಳಲ್ಲಿ ತಳ್ಳಿ ನೋಡಿ. ಕಲ್ಲಿನಂತೆ ನಿಲ್ಲುತ್ತದೆ. ಹಾಗೆ ನಿಂತರೆ ಕಾರ್ಡ್ ಜೇಬಿಗೆ ಸೇರಲಿ.

ಉಳಿದದ್ದು ಹಲ್ಲುಹಲ್ಲಾಗಿ ಕೊರೆದ ಚಪ್ಪಟೆ ಕೀಲಿಕೈ ಬೇಡುವ ಬೀಗ. ಪಿನ್‌ಗಳಿಂದ ಬಾಗಿಲು ಬಂಧಿಸುವ ಯೋಚನೆ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಷ್ಟು ಹಳೆಯದು. ಅದಕ್ಕೆ ಇಂದಿನ ರೂಪ ಕೊಟ್ಟವರು ಅಮೆರಿಕದ ಲೈನಸ್ ಯೇಲ್ ಜೂನಿಯರ್. ತಂದೆಯ ವಿನ್ಯಾಸವನ್ನು ತಿದ್ದಿ ತೀಡಿ 1861 ಮತ್ತು 1865ರಲ್ಲಿ ಅವರು ಪೇಟೆಂಟ್ ಪಡೆದರು. ಒಳಗೆ ತಿರುಗುವ ಹಿತ್ತಾಳೆಯ ಉರುಳೆ, ಅದರ ಸುತ್ತ ಅಲುಗದ ಕವಚ. ಎರಡನ್ನೂ ಹಾಯ್ದು ಐದಾರು ಸಣ್ಣ ಕೊಳವೆಗಳು. ಪ್ರತಿಯೊಂದರಲ್ಲಿಯೂ ಒಂದರ ಮೇಲೊಂದು ಎರಡು ಪಿನ್, ಅವುಗಳನ್ನು ಒತ್ತಿ ಕೂರಿಸುವ ಒಂದು ಸ್ಪ್ರಿಂಗ್. ಕೀಲಿಕೈ ಇಲ್ಲದಾಗ ಮೇಲಿನ ಪಿನ್‌ಗಳು ಗಡಿ ದಾಟಿ ಉರುಳೆಯೊಳಕ್ಕೆ ಇಳಿದು ಅದನ್ನು ಕವಚಕ್ಕೆ ಜಡಿದಂತೆ ಹಿಡಿಯುತ್ತವೆ. ಸರಿಯಾದ ಕೀಲಿಕೈ ಪ್ರತಿ ಜೋಡಿಯನ್ನೂ ಅದಕ್ಕೆ ತಕ್ಕಷ್ಟೇ ಎತ್ತಿ, ಎರಡು ಪಿನ್‌ಗಳ ನಡುವಿನ ಬಿರುಕು ಗಡಿರೇಖೆಗೆ ಬರುವಂತೆ ಮಾಡುತ್ತದೆ. ಎಲ್ಲ ಬಿರುಕುಗಳೂ ಸಾಲಾದಾಗ ಉರುಳೆ ತಿರುಗುತ್ತದೆ. ಅಂದರೆ ಕೀಲಿಕೈ ಎಂಬುದು ಲೋಹದ ಮೇಲೆ ಕೊರೆದ ಒಂದು ಸಂಖ್ಯೆ.

ಐದು ಪಿನ್, ಪ್ರತಿಯೊಂದಕ್ಕೂ ಹತ್ತು ಎತ್ತರಗಳ ಸಾಧ್ಯತೆ ಎಂದುಕೊಳ್ಳಿ. ಲೆಕ್ಕಕ್ಕೆ 1,00,000 ಬೇರೆ ಬೇರೆ ಕೀಲಿಕೈಗಳಾದವು. ಊಹಿಸಿ ತೆರೆಯುವ ಆಸೆಯೇ ಬೇಡ. ಆದರೂ ಬಲ್ಲವರು ಎರಡು ಕಡ್ಡಿಗಳಿಂದ ತೆರೆಯುತ್ತಾರಲ್ಲ? ಕಾರಣ ಲೋಹದ ಅಪೂರ್ಣತೆಯಲ್ಲಿದೆ. ಕೊಳವೆಗಳನ್ನು ಎಷ್ಟೇ ನಾಜೂಕಾಗಿ ಕೊರೆದರೂ ಎಲ್ಲವೂ ನೇರ ಸಾಲಿನಲ್ಲಿ ಬರುವುದಿಲ್ಲ. ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಓರೆಕೋರೆ ಉಳಿಯುತ್ತದೆ. ಉರುಳೆಯನ್ನು ಮೆಲ್ಲಗೆ ತಿರುವಿ ಹಿಡಿದಾಗ ಐದೂ ಪಿನ್‌ಗಳು ಒಟ್ಟಿಗೆ ಸಿಕ್ಕಿಕೊಳ್ಳದೆ ಯಾವುದೋ ಒಂದು ಮೊದಲು ಸಿಕ್ಕಿಕೊಳ್ಳುತ್ತದೆ. ಕಡ್ಡಿಯ ತುದಿಗೆ ಉಳಿದ ನಾಲ್ಕು ಸ್ಪ್ರಿಂಗಿನ ಮೇಲೆ ಪುಟಿಯುವುದು, ಅದೊಂದು ಮಾತ್ರ ಬಿಗಿದಿರುವುದು ಗೊತ್ತಾಗುತ್ತದೆ. ಅದನ್ನು ನಿಧಾನವಾಗಿ ಎತ್ತುತ್ತ ಹೋದರೆ ಬಿರುಕು ಗಡಿರೇಖೆ ಮುಟ್ಟಿದ ಕೂಡಲೇ ಉರುಳೆ ಕಂಡೂ ಕಾಣದಷ್ಟು ತಿರುಗುತ್ತದೆ. ಮೇಲಿನ ಪಿನ್ ಹೊಸದಾಗಿ ಮೂಡಿದ ಅಂಚಿನ ಮೇಲೆ ಕುಳಿತುಬಿಡುತ್ತದೆ. ಆಗ ಬಿಗಿಯುವ ಸರದಿ ಮತ್ತೊಂದರದು.

ಮೊಬೈಲ್‌ನ ನಾಲ್ಕು ಅಂಕಿಯ ಗುಪ್ತಸಂಖ್ಯೆಯನ್ನು ಊಹಿಸುವಾಗ ಪ್ರತಿ ಅಂಕಿ ಸರಿಯಾದ ಕೂಡಲೇ ಫೋನ್ ತಲೆಯಾಡಿಸಿದರೆ 10,000 ಯತ್ನಗಳ ಬದಲು 40 ಸಾಕು. ಬೀಗ ಮಾಡುವ ತಪ್ಪು ಇದೇ. ಹತ್ತನ್ನು ಐದು ಸಲ ಗುಣಿಸಬೇಕಾದಲ್ಲಿ ಐದು ಸಲ ಕೂಡಿದರೆ ಮುಗಿಯುತ್ತದೆ. ಲಕ್ಷ ಎಂಬುದು ಐವತ್ತಕ್ಕೆ ಇಳಿಯುತ್ತದೆ. 2003ರಲ್ಲಿ ಗುಪ್ತಲಿಪಿ ತಜ್ಞ ಮ್ಯಾಟ್ ಬ್ಲೇಜ್ ಪ್ರಕಟಿಸಿದ ಪ್ರಬಂಧವೊಂದು ಇದೇ ಸೋರಿಕೆಯ ಇನ್ನೊಂದು ಮುಖವನ್ನು ತೋರಿಸಿತು. ಕಟ್ಟಡದ ಎಲ್ಲ ಕೋಣೆಗಳನ್ನೂ ತೆರೆಯುವ ಮಾಸ್ಟರ್ ಕೀಲಿಕೈಯನ್ನು, ತನ್ನ ಒಂದೇ ಕೋಣೆಯ ಬೀಗ ಮತ್ತು ಕೀಲಿಕೈಯನ್ನು ಇಟ್ಟುಕೊಂಡು, ಒಂದೊಂದೇ ಪಿನ್ನಿನ ಎತ್ತರ ಬದಲಿಸುತ್ತ ಲೆಕ್ಕ ಹಾಕಿಬಿಡಬಹುದು.

ಓದಲು ಸುಲಭ, ಕೈಗೆ ಕಷ್ಟ. ಅರ್ಧ ನಿಮಿಷದಲ್ಲಿ ಬೀಗ ತೆರೆದು ತೋರಿಸುವ ವಿಡಿಯೊ ನೋಡಿ ಹುರುಪಾದವರು ಕೀಲಿರಂಧ್ರದಲ್ಲಿ ತಂತಿ ಮುರಿದುಕೊಂಡು ಕೂರುತ್ತಾರೆ, ಆಮೇಲೆ ಅಸಲಿ ಕೀಲಿಕೈ ಸಿಕ್ಕರೂ ಪ್ರಯೋಜನವಿಲ್ಲ. ನಡುವೆ ಸಣಕಲಾದ ಪಿನ್‌ಗಳಿರುವ ಬೀಗಗಳಂತೂ ಬೇಕೆಂದೇ ದಾರಿ ತಪ್ಪಿಸುತ್ತವೆ. ಉರುಳೆ ತಿರುಗಿದಂತೆ ಮಾಡಿ ನಿಂತುಬಿಡುತ್ತದೆ. 1851ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, ತೆರೆದವರಿಗೆ 200 ಗಿನಿ ಬಹುಮಾನವಿದ್ದ ಬ್ರಾಮಾ ಕಂಪನಿಯ ಬೀಗವನ್ನು ತೆರೆದರು ನಿಜ. ಅವರಂಥ ಕುಶಲಿಗೂ ಅದಕ್ಕೆ ಹಿಡಿದದ್ದು 16 ದಿನಗಳಲ್ಲಿ ಹರಡಿದ 51 ಗಂಟೆ. ಬಿಡಿ, ಬೀಗ ದುರಸ್ತಿ ಮಾಡುವವರನ್ನು ಕರೆಯಿರಿ.

ಒದೆಯುವುದು ಎಲ್ಲಕ್ಕಿಂತ ದುಬಾರಿ. ಏಟಿಗೆ ಸೀಳುವುದು ಹೆಚ್ಚಾಗಿ ಬೀಗವಲ್ಲ, ಗಿಡ್ಡ ಸ್ಕ್ರೂಗಳು ಹಿಡಿದಿರುವ ಚೌಕಟ್ಟಿನ ಮರ. ಒಳಗೆ ಮಗು ಇದ್ದರೆ ಅದು ಕದಕ್ಕೆ ಮುಖವೊತ್ತಿಯೇ ನಿಂತಿರಬಹುದು, ಮಾತನಾಡಿಸುತ್ತಲೇ ಇರಿ. ಹೊಗೆ ಕಂಡರೆ ಅಥವಾ ಒಳಗಿದ್ದವರು ದನಿಗೆ ಓಗೊಡದಿದ್ದರೆ ಬೀಗದ ಮರ್ಯಾದೆ ನೋಡದೆ ತುರ್ತು ಸೇವೆಗೆ ಕರೆ ಮಾಡಿ.

ಬಾಗಿಲು ತೆರೆದ ಮೇಲೆ ಇಡೀ ಬೀಗವನ್ನು ಎಸೆಯಬೇಕಿಲ್ಲ. ಉರುಳೆಯನ್ನು ಹೊರತೆಗೆದು ಕೆಳಗಿನ ಪಿನ್‌ಗಳ ಉದ್ದ ಅಳೆದರೆ ಕೀಲಿಕೈಯ ಸಂಖ್ಯೆ ಮರಳಿ ಸಿಗುತ್ತದೆ, ಅದರಂತೆ ಹೊಸತನ್ನು ಕೊರೆಯಬಹುದು. ಕಳೆದದ್ದು ಬೇರೆಯವರ ಕೈ ಸೇರಿರಬಹುದೆಂಬ ಅನುಮಾನವಿದ್ದರೆ ಕೆಳಗಿನ ಪಿನ್‌ಗಳನ್ನು ಬೇರೆ ಉದ್ದದವಕ್ಕೆ ಬದಲಿಸಿ, ಹೊಸ ಕೀಲಿಕೈ ಮಾಡಿಸಿಕೊಳ್ಳಿ. ಕವಚ, ಉರುಳೆ, ಹಿಡಿ ಎಲ್ಲವೂ ಹಳೆಯವೇ ಇರುತ್ತವೆ. ಹಳೆಯ ಕೀಲಿಕೈ ಮಾತ್ರ ಒಳಹೋದರೂ ತಿರುಗುವುದಿಲ್ಲ.