ಆಸ್ಪತ್ರೆ ಸಿಬ್ಬಂದಿಯ ಆಂಟಿಬಾಡಿ ಟೆಸ್ಟ್: ಕೋವಿಡ್ ಕಾಲದ ಅಂಕಿಗಳನ್ನು ಓದುವುದು ಹೇಗೆ

ಎರಡು ಅಂಕಿಗಳಿಂದ ಶುರು ಮಾಡೋಣ. 2020ರ ಏಪ್ರಿಲ್ ಕೊನೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಸ್ಪತ್ರೆ ಡ್ಯೂಟಿಯಲ್ಲಿದ್ದ ಐನೂರು ಚಿಲ್ಲರೆ ಮಂದಿಯನ್ನು ಪರೀಕ್ಷಿಸಿದರು. ಯಾರಿಗೂ ಜ್ವರ, ಕೆಮ್ಮು ಇರಲಿಲ್ಲ. ಸ್ವಾಬ್ ತೆಗೆದು ಪಿಸಿಆರ್ ಮಾಡಿದಾಗ ಪಾಸಿಟಿವ್ ಬಂದವರು ಶೇ 2.4. ಅದೇ ಗುಂಪಿನ ರಕ್ತದಲ್ಲಿ ಆಂಟಿಬಾಡಿ (ಸೋಂಕಿಗೆ ಎದುರಾಗಿ ದೇಹ ತಯಾರಿಸುವ ಪ್ರೋಟೀನ್) ಸಿಕ್ಕಿದ್ದು ಶೇ 24.4 ಮಂದಿಗೆ. ಹತ್ತು ಪಟ್ಟು ವ್ಯತ್ಯಾಸ!

ಎರಡೂ ಸರಿಯೇ. ಕೇಳಿದ ಪ್ರಶ್ನೆಗಳೇ ಬೇರೆ ಬೇರೆ. ಮನೆಗೆ ನೆಂಟರು ಬಂದಿದ್ದಾರಾ ಎಂದು ಪಡಸಾಲೆಗೆ ಇಣುಕುವುದು ಪಿಸಿಆರ್. ಬಂದು ಹೋದರಾ ಎಂದು ಸಿಂಕಿನಲ್ಲಿರುವ ಕಾಫಿ ಲೋಟ ಎಣಿಸುವುದು ಆಂಟಿಬಾಡಿ ಟೆಸ್ಟ್. ಅದಕ್ಕೇ ಇವತ್ತು ಸೋಂಕು ಇದೆಯಾ ಎಂದು ತಿಳಿಯಲು ಆಂಟಿಬಾಡಿ ಟೆಸ್ಟ್ ಸುಮ್ನೆ ದಂಡ. ಐಜಿಜಿ ಎಂಬ ಬಗೆಯ ಆಂಟಿಬಾಡಿ ಅಳೆಯುವಷ್ಟು ಮಟ್ಟಕ್ಕೆ ಬರಲು ಸಾಮಾನ್ಯವಾಗಿ ಎರಡು, ಮೂರು ವಾರ ಬೇಕು. ನಿನ್ನೆ ಸೋಂಕು ತಗುಲಿದವರ ರಿಪೋರ್ಟ್ ನೆಗೆಟಿವ್ ಎಂದೇ ಬರುತ್ತದೆ.

ಬರ್ಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಇನ್ನೊಂದು ವಿಷಯವಿದೆ. ಮೊದಲು ಕಾಯಿಲೆಯ ಲಕ್ಷಣ ಇತ್ತು ಎಂದು ಹೇಳಿದವರಲ್ಲಿ ಆಂಟಿಬಾಡಿ ಶೇ 37.5. ಏನೂ ಆಗಿರಲಿಲ್ಲ ಎಂದವರಲ್ಲೂ ಶೇ 17.1. ಅಂದರೆ ಆರಕ್ಕೆ ಒಬ್ಬರು ತಮಗೆ ಗೊತ್ತೇ ಆಗದ ಹಾಗೆ ಸೋಂಕು ದಾಟಿ ಬಂದಿದ್ದರು. ಜ್ವರ ಇದ್ದವರನ್ನು ಮಾತ್ರ ಮನೆಗೆ ಕಳಿಸುವ ನಿಯಮ ಯಾಕೆ ಸಾಲಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಟೆಸ್ಟ್ ಒಳಗೆ ನಡೆಯುವುದೇನು

ಇಲ್ಲಿ ಬಳಸುವುದು ಎಲೈಸಾ, ಅಂದರೆ ಕಿಣ್ವದಿಂದ ಬಣ್ಣ ಬರಿಸಿ ಆಂಟಿಬಾಡಿ ಪತ್ತೆ ಮಾಡುವ ವಿಧಾನ. ವಿದ್ಯಾರ್ಥಿಗಳು ಓದಿರುತ್ತೀರಿ, ಬೇಗ ಮುಗಿಸುತ್ತೇನೆ. ಪ್ಲಾಸ್ಟಿಕ್ ಪ್ಲೇಟಿನ ಗುಳಿಗಳಿಗೆ ವೈರಸ್‌ನ ಪ್ರೋಟೀನ್ ಅಂಟಿಸಿರುತ್ತಾರೆ. ಅದರ ಮೇಲೆ ಸೀರಮ್ (ರಕ್ತದ ತಿಳಿ ಭಾಗ) ಹಾಕುತ್ತಾರೆ. ಆಂಟಿಬಾಡಿ ಇದ್ದರೆ ಅಂಟಿಕೊಳ್ಳುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ಆಮೇಲೆ ಮನುಷ್ಯರ ಐಜಿಜಿಯನ್ನು ಹಿಡಿಯುವ, ಕಿಣ್ವ ಜೋಡಿಸಿದ ಎರಡನೇ ಆಂಟಿಬಾಡಿ ಹಾಕುತ್ತಾರೆ. ಕೊನೆಗೆ ಬಣ್ಣ ಬರುವ ದ್ರಾವಣ. ಬಣ್ಣ ಎಷ್ಟು ಗಾಢ ಎಂದು ಮಷೀನ್ ಅಳೆಯುತ್ತದೆ. ಒಂದು ಗೆರೆ ದಾಟಿದರೆ ಪಾಸಿಟಿವ್. ಗೆರೆ ಎಲ್ಲಿರಬೇಕು ಎಂಬುದು ಮನುಷ್ಯರ ತೀರ್ಮಾನ, ಇದನ್ನು ನೆನಪಿಡಿ. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2020ರ ಮೇ ತಿಂಗಳಲ್ಲಿ ಹೊರತಂದ 'ಕೋವಿಡ್ ಕವಚ್' ಕಿಟ್ ಐಜಿಜಿ ಹುಡುಕುವ ಎಲೈಸಾನೇ. ಅದಕ್ಕೂ ಒಂದು ತಿಂಗಳ ಮೊದಲು ಚೀನಾದಿಂದ ತರಿಸಿದ ರ‍್ಯಾಪಿಡ್ ಆಂಟಿಬಾಡಿ ಕಿಟ್‌ಗಳ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಬಂದಿತ್ತು. ಬಳಸಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರಾಜ್ಯಗಳಿಗೆ ಹೇಳಬೇಕಾಯಿತು.

ಪಾಸಿಟಿವ್ ಎಂದರೆ ನಿಜಕ್ಕೂ ಪಾಸಿಟಿವ್ವಾ?

ಪರೀಕ್ಷೆ ಬರೆಯುವಾಗ ಇಲ್ಲೇ ಜಾಸ್ತಿ ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುತ್ತಾರೆ. ಒಂದು ಕಿಟ್ ಸೋಂಕಾದ 100 ಜನರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ಸೋಂಕಾಗದ 100 ಜನರಲ್ಲಿ 98 ಮಂದಿಗೆ ಸರಿಯಾಗಿ ನೆಗೆಟಿವ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಲೆಕ್ಕಕ್ಕಾಗಿ ನಾನು ಹಾಕಿಕೊಂಡ ಅಂಕಿಗಳು ಇವು. ಕೇಳಲು ಒಳ್ಳೆಯ ಕಿಟ್, ಅಲ್ವಾ?

ಸಾವಿರ ಸಿಬ್ಬಂದಿ ಇರುವ ಆಸ್ಪತ್ರೆಯಲ್ಲಿ ನಿಜಕ್ಕೂ ಸೋಂಕಾದವರು 20 ಮಂದಿ ಮಾತ್ರ ಎನ್ನೋಣ. ಅವರಲ್ಲಿ 18 ಮಂದಿ ಸಿಗುತ್ತಾರೆ. ಉಳಿದ 980 ಮಂದಿಯಲ್ಲಿ ಶೇ 2, ಅಂದರೆ ಸುಮಾರು 20 ಮಂದಿ ಸುಳ್ಳು ಪಾಸಿಟಿವ್. ಒಟ್ಟು 38 ಪಾಸಿಟಿವ್ ರಿಪೋರ್ಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು! ಈಗ ಅದೇ ಕಿಟ್, ಅದೇ ಸಾವಿರ ಮಂದಿ, ಆದರೆ ಸೋಂಕಾದವರು 200. ನಿಜವಾದ ಪಾಸಿಟಿವ್ 180, ಸುಳ್ಳು 16. ಈಗ ಪಾಸಿಟಿವ್ ಬಂದವರಲ್ಲಿ ಶೇ 92ರಷ್ಟು ಮಂದಿಗೆ ಫಲಿತಾಂಶ ಸರಿ.

ಕಿಟ್ ಬದಲಾಗಿಲ್ಲ, ಊರಿನಲ್ಲಿ ಸೋಂಕು ಎಷ್ಟು ಹರಡಿದೆ ಎಂಬುದು ಬದಲಾಗಿದೆ. ಮೊದಲ ಅಲೆಯ ಶುರುವಿನಲ್ಲಿ 'ನನಗೆ ಆಂಟಿಬಾಡಿ ಇದೆ, ಮಾಸ್ಕ್ ಬೇಡ' ಎನ್ನುವುದು ಅಪಾಯದ ಮಾತಾಗಿದ್ದು ಇದಕ್ಕೇ. ನನ್ನ ಮಟ್ಟಿಗೆ, ಈ ಟೆಸ್ಟ್ ಒಬ್ಬ ನರ್ಸ್‌ಗೆ ಆಕೆಯ ಬಗ್ಗೆ ಹೇಳುವುದಕ್ಕಿಂತ ಆಕೆ ದುಡಿಯುವ ಆಸ್ಪತ್ರೆಯ ಬಗ್ಗೆ ಹೇಳುವುದೇ ಜಾಸ್ತಿ. ಅದಕ್ಕೆ ಒಳ್ಳೆಯ ಉದಾಹರಣೆ ಆಕ್ಸ್‌ಫರ್ಡ್.

ಆಕ್ಸ್‌ಫರ್ಡ್: ವೈರಸ್ ಹೋದ ದಾರಿ

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಮೊದಲ ಅಲೆಯ ಹೊತ್ತಿಗೆ 10,034 ಸಿಬ್ಬಂದಿಯನ್ನು ಪರೀಕ್ಷಿಸಿದರು. 1,128 ಮಂದಿಗೆ, ಅಂದರೆ ಶೇ 11.2ರಷ್ಟು ಜನರಿಗೆ, ಸೋಂಕಾದ ಗುರುತು ಇತ್ತು. ಸರಾಸರಿ ನೋಡಿ ಪುಟ ತಿರುಗಿಸಬೇಡಿ. ವಿಷಯ ಇರುವುದು ಒಳಗಿನ ಭಾಗಗಳಲ್ಲಿ.

ಕೋವಿಡ್ ರೋಗಿಗಳಿದ್ದ ವಿಭಾಗದ ಸಿಬ್ಬಂದಿಯಲ್ಲಿ ಶೇ 22.6, ಉಳಿದ ಕಡೆ ಶೇ 8.6. ಇದು ಯಾರಾದರೂ ಊಹಿಸುವಂಥದ್ದೇ. ಆದರೆ ಅತಿ ಗಂಭೀರ ರೋಗಿಗಳಿದ್ದ ಕೋವಿಡ್ ಐಸಿಯು ನೋಡಿ. ಕೋವಿಡ್ ವಿಭಾಗ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅಲ್ಲಿನ ಸಿಬ್ಬಂದಿಯ ಆಡ್ಸ್ ರೇಷಿಯೊ 0.44. (ಆಡ್ಸ್ ಎಂದರೆ ಸೋಂಕಾದವರನ್ನು ಆಗದವರಿಂದ ಭಾಗಿಸಿದ್ದು. ಎರಡು ಗುಂಪುಗಳ ಆಡ್ಸ್ ಹೋಲಿಸಿದರೆ ಆಡ್ಸ್ ರೇಷಿಯೊ. 1ಕ್ಕಿಂತ ಕಡಿಮೆ ಇದ್ದರೆ ಆ ಗುಂಪಿನಲ್ಲಿ ಸೋಂಕು ಕಡಿಮೆ.) ಐಸಿಯು ಒಳಗೆ ಇದ್ದವರಿಗೇ ಅಪಾಯ ಕಡಿಮೆ! ಪಿಪಿಇ ಮತ್ತು ಅದರ ಜತೆಗಿನ ಕ್ರಮಗಳು ಕಾರಣವಿರಬಹುದು ಎಂದು ಸಂಶೋಧಕರು ಬರೆದರು. ಇನ್ನೊಂದು ಕಡೆ, ರೋಗಿಗಳನ್ನು ಟ್ರಾಲಿಯಲ್ಲಿ ತಳ್ಳಿಕೊಂಡು ಹೋಗುವವರು ಮತ್ತು ಕ್ಲೀನಿಂಗ್ ಮಾಡುವವರಲ್ಲಿ ಅದೇ ರೇಷಿಯೊ 2.06. ಬರ್ಮಿಂಗ್‌ಹ್ಯಾಮ್‌ನಲ್ಲೂ ಹೀಗೇ. ಕ್ಲೀನಿಂಗ್ ಸಿಬ್ಬಂದಿಯಲ್ಲಿ ಶೇ 34.5, ಐಸಿಯುನಲ್ಲಿ ಶೇ 14.8. ಎಲ್ಲಕ್ಕಿಂತ ದೊಡ್ಡ ಅಂಕಿ ಆಸ್ಪತ್ರೆಯ ಹೊರಗಿನದು. ಮನೆಯಲ್ಲಿ ಖಚಿತ ಕೋವಿಡ್ ರೋಗಿ ಇದ್ದ ಸಿಬ್ಬಂದಿಯ ರೇಷಿಯೊ 4.82. (ಆಡ್ಸ್ ರೇಷಿಯೊ ಎಂದರೆ ಅಪಾಯದ ಪಟ್ಟು ಅಲ್ಲ, ಉತ್ತರ ಬರೆಯುವಾಗ ಬೆರೆಸಬೇಡಿ.)

ನಮ್ಮ ಕಡೆ ಇದನ್ನು ಓದುವಾಗ ಒಂದು ಮಾತು. ಇಲ್ಲಿ ಕ್ಲೀನಿಂಗ್, ಲಾಂಡ್ರಿ, ವಾರ್ಡ್ ಕೆಲಸಕ್ಕೆ ಬಹಳ ಕಡೆ ಹೊರಗುತ್ತಿಗೆಯವರೇ ಇರುತ್ತಾರೆ. ಸಮೀಕ್ಷೆಯ ಪಟ್ಟಿಯನ್ನು ಕಾಯಂ ನೌಕರರ ಹಾಜರಿ ಪುಸ್ತಕದಿಂದ ಮಾಡಿದರೆ ಅತಿ ಹೆಚ್ಚು ಅಪಾಯದ ಗುಂಪೇ ಬಿಟ್ಟುಹೋಗುತ್ತದೆ. ಜತೆಗೆ, ಡ್ಯೂಟಿಗೆ ಬಂದವರ ರಕ್ತ ಮಾತ್ರ ತೆಗೆದರೆ, ಕಾಯಿಲೆ ಜೋರಾಗಿ ಮನೆಯಲ್ಲಿ ಮಲಗಿದವರು, ತೀರಿಹೋದವರು ಲೆಕ್ಕದಲ್ಲಿ ಇರುವುದಿಲ್ಲ.

ಆಂಟಿಬಾಡಿ ಇದ್ದರೆ ಮತ್ತೆ ಬರುವುದಿಲ್ಲವೇ?

ಇದಕ್ಕೂ ಆಕ್ಸ್‌ಫರ್ಡ್‌ನವರೇ ಉತ್ತರ ಹುಡುಕಿದರು. 12,541 ಸಿಬ್ಬಂದಿಯಲ್ಲಿ ಸ್ಪೈಕ್ (ವೈರಸ್‌ನ ಮೈಮೇಲಿನ ಮುಳ್ಳಿನಂಥ ಪ್ರೋಟೀನ್) ವಿರುದ್ಧದ ಆಂಟಿಬಾಡಿ ಅಳೆದು, ಗರಿಷ್ಠ 31 ವಾರ ಹಿಂಬಾಲಿಸಿದರು. ಆಂಟಿಬಾಡಿ ಇಲ್ಲದವರಲ್ಲಿ 223 ಮಂದಿಗೆ ಪಿಸಿಆರ್ ಪಾಸಿಟಿವ್ ಬಂತು. ಇದ್ದವರಲ್ಲಿ ಇಬ್ಬರಿಗೆ ಮಾತ್ರ, ಅವರಿಗೂ ಲಕ್ಷಣ ಇರಲಿಲ್ಲ. ಆದರೆ 223 ಮತ್ತು 2 ಎಂದು ನೇರವಾಗಿ ಹೋಲಿಸಬಾರದು, ಯಾಕೆಂದರೆ ಆಂಟಿಬಾಡಿ ಇದ್ದವರ ಸಂಖ್ಯೆಯೇ ಚಿಕ್ಕದು, ಸುಮಾರು 1,265. ಹಾಗಾಗಿ ಒಬ್ಬೊಬ್ಬರನ್ನು ಹಿಂಬಾಲಿಸಿದ ದಿನಗಳನ್ನು ಕೂಡಿಸಿ, ಪ್ರತಿ 10,000 ದಿನಗಳಿಗೆ ಎಷ್ಟು ಸೋಂಕು ಎಂದು ಲೆಕ್ಕ ಹಾಕುತ್ತಾರೆ: ಆಂಟಿಬಾಡಿ ಇಲ್ಲದವರಲ್ಲಿ 1.09, ಇದ್ದವರಲ್ಲಿ 0.13. ವಯಸ್ಸು, ತಿಂಗಳು ಇತ್ಯಾದಿ ಸರಿಹೊಂದಿಸಿದ ಮೇಲೆ ಅನುಪಾತ 0.11.

ಬ್ರಿಟನ್ನಿನ 'ಸೈರನ್' ಅಧ್ಯಯನದಲ್ಲಿ 25,000ಕ್ಕೂ ಹೆಚ್ಚು ಆಸ್ಪತ್ರೆ ಸಿಬ್ಬಂದಿ ಇದ್ದರು. ಹಿಂದೆ ಸೋಂಕಾದವರಿಗೆ ಮರುಸೋಂಕಿನ ಅಪಾಯ ಶೇ 84ರಷ್ಟು ಕಡಿಮೆ ಎಂದು 2021ರಲ್ಲಿ ಅದು ಹೇಳಿತು. ಎರಡೂ ಒಮೈಕ್ರಾನ್‌ಗಿಂತ ಮೊದಲಿನವು. 2021ರ ಕೊನೆಗೆ ಒಮೈಕ್ರಾನ್ ಬಂದ ಮೇಲೆ ಹಳೇ ಆಂಟಿಬಾಡಿ ಇದ್ದವರಿಗೂ ಧಾರಾಳವಾಗಿ ಸೋಂಕು ಬಂತು. ಆದ್ದರಿಂದ ಈ ಅಂಕಿ ಬರೆದಾಗ ಪಕ್ಕದಲ್ಲಿ ಕಾಲವನ್ನೂ ಬರೆಯಿರಿ.

ಲಸಿಕೆ ಬಂದ ಮೇಲೆ

ಭಾರತದಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಲಸಿಕೆ ಶುರುವಾಗಿದ್ದು 2021ರ ಜನವರಿ 16ರಂದು. ಐಸಿಎಂಆರ್‌ನ ಮೂರನೇ ರಾಷ್ಟ್ರೀಯ ಸೀರೋ ಸಮೀಕ್ಷೆ (ಎಷ್ಟು ಜನರ ರಕ್ತದಲ್ಲಿ ಆಂಟಿಬಾಡಿ ಇದೆ ಎಂದು ನೋಡುವ ಸಮೀಕ್ಷೆ) ಅದಕ್ಕೆ ಸ್ವಲ್ಪ ಮೊದಲಿನದು. ಅದರಲ್ಲಿ ಆರೋಗ್ಯ ಸಿಬ್ಬಂದಿಯ ಪ್ರಮಾಣ ಶೇ 25.6, ಸಾಮಾನ್ಯ ಜನರದ್ದು ಶೇ 24.1. ಹೆಚ್ಚುಕಡಿಮೆ ಒಂದೇ. 2021ರ ಜೂನ್-ಜುಲೈನ ನಾಲ್ಕನೇ ಸಮೀಕ್ಷೆಗೆ ಬಂದರೆ ಸಾಮಾನ್ಯ ಜನರಲ್ಲಿ ಶೇ 67.6, ಆರೋಗ್ಯ ಸಿಬ್ಬಂದಿಯಲ್ಲಿ ಶೇ 85.2. ಇಷ್ಟು ಏರಿದ್ದು ಡೆಲ್ಟಾ ಅಲೆಯಿಂದಲೋ, ಲಸಿಕೆಯಿಂದಲೋ?

ಬೇರ್ಪಡಿಸುವ ದಾರಿ ಒಂದಿದೆ. ಕೋವಿಶೀಲ್ಡ್ ದೇಹಕ್ಕೆ ತೋರಿಸುವುದು ಸ್ಪೈಕ್ ಪ್ರೋಟೀನನ್ನು ಮಾತ್ರ. ಹಾಗಾಗಿ ಅದನ್ನು ಹಾಕಿಸಿಕೊಂಡವರಲ್ಲಿ ಸ್ಪೈಕ್ ಆಂಟಿಬಾಡಿ ಪಾಸಿಟಿವ್, ನ್ಯೂಕ್ಲಿಯೊಕ್ಯಾಪ್ಸಿಡ್ (ವೈರಸ್‌ನ ಒಳಗಿನ ಪ್ರೋಟೀನ್) ಆಂಟಿಬಾಡಿ ನೆಗೆಟಿವ್ ಇದ್ದರೆ ಅದು ಬಹುಮಟ್ಟಿಗೆ ಲಸಿಕೆಯ ಫಲ. ಎರಡೂ ಪಾಸಿಟಿವ್ ಇದ್ದರೆ ಸೋಂಕು ಆಗಿರುವ ಸಾಧ್ಯತೆ ಜಾಸ್ತಿ. ಕೊವ್ಯಾಕ್ಸಿನ್ ಹಾಕಿಸಿಕೊಂಡವರಲ್ಲಿ ಈ ಜಾಣತನ ನಡೆಯುವುದಿಲ್ಲ, ಯಾಕೆಂದರೆ ಅದರಲ್ಲಿ ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸೇ ಇರುತ್ತದೆ. ಜತೆಗೆ ನ್ಯೂಕ್ಲಿಯೊಕ್ಯಾಪ್ಸಿಡ್ ಆಂಟಿಬಾಡಿ ಕೆಲವು ಕಿಟ್‌ಗಳಲ್ಲಿ ಕೆಲವೇ ತಿಂಗಳಲ್ಲಿ ಗೆರೆಯ ಕೆಳಗೆ ಇಳಿದುಬಿಡುತ್ತದೆ. ಹಾಗಾಗಿ ಯಾವುದೇ ಸೀರೋ ಸಮೀಕ್ಷೆ ಕೈಗೆ ಸಿಕ್ಕರೂ ಮೊದಲು ವಿಧಾನದ ಭಾಗಕ್ಕೆ ಹೋಗಿ: ಯಾವ ಪ್ರೋಟೀನ್, ಯಾವ ಕಿಟ್, ರಕ್ತ ತೆಗೆದ ತಿಂಗಳು ಯಾವುದು, ಯಾವ ಲಸಿಕೆ. ಶೇಕಡಾವಾರು ಆಮೇಲೆ ನೋಡಿದರಾಯಿತು.