ನಿಂತ ಕಾರೂ ನೀರು ಕುಡಿಯುತ್ತದೆ

"ವರ್ಷಕ್ಕೆ ಮೂರು ಸಾವಿರ ಕಿಲೋಮೀಟರೂ ಓಡುವುದಿಲ್ಲ ಮಾರಾಯ್ರೆ, ಸರ್ವೀಸ್ ಯಾಕೆ?" ಉಡುಪಿ, ಮಂಗಳೂರಿನ ಗ್ಯಾರೇಜುಗಳಲ್ಲಿ ಸದಾ ಕೇಳಿಬರುವ ಮಾತು. ಮಗ ದುಬೈಯಲ್ಲಿ, ಕಾರು ಊರಿನ ಮನೆಯಲ್ಲಿ ಕವರ್ ಹೊದ್ದು ಮಲಗಿರುತ್ತದೆ. ರಜೆಗೆ ಬಂದ ಕೂಡಲೇ ಬ್ಯಾಟರಿ ಚಾರ್ಜ್ ಮಾಡಿಸಿ, ಟಯರಿಗೆ ಗಾಳಿ ಹಾಕಿಸಿ, ಸಂಸಾರ ಸಮೇತ ಆಗುಂಬೆ ಹತ್ತಿ ಶೃಂಗೇರಿಗೆ ಹೊರಟೇಬಿಡುತ್ತಾರೆ. ಕೈಪಿಡಿಯಲ್ಲಿ ಕಿಲೋಮೀಟರಿನ ಪಕ್ಕದಲ್ಲೇ ಇಷ್ಟು ತಿಂಗಳು, ಇಷ್ಟು ವರ್ಷ ಎಂದೂ ಇರುತ್ತದಲ್ಲ, ಅದು ಕಂಪನಿಯವರು ದುಡ್ಡು ಕೀಳಲು ಬರೆದದ್ದು ಎಂದೇ ಹೆಚ್ಚಿನವರ ನಂಬಿಕೆ.

ಎಂಜಿನ್ ಆಯಿಲ್ ವಿಷಯ ಬಿಡಿ, ಅದು ಎಲ್ಲರಿಗೂ ಗೊತ್ತು. ಬಾನೆಟ್ ಎತ್ತಿದರೆ ಡ್ರೈವರ್ ಬದಿಯ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದರಲ್ಲಿರುವುದು ಬ್ರೇಕ್ ಆಯಿಲ್, ಪೆಡಲ್ ಮೇಲಿನ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ದ್ರವ. ಬಹಳಷ್ಟು ಕಾರುಗಳಲ್ಲಿ ಅದನ್ನು 2 ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು, ಕಾರು ಓಡಿರಲಿ, ಬಿಡಲಿ.

ಅದು ಗ್ಲೈಕಾಲ್ ಈಥರ್ ಜಾತಿಯ ದ್ರವ. ಆಟಿ ತಿಂಗಳಲ್ಲಿ ಭರಣಿಯ ಉಪ್ಪು ನೀರೊಡೆಯುವ ಹಾಗೆ ಅದೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬ್ರೇಕ್ ಹೋಸಿನ ರಬ್ಬರನ್ನು ದಾಟಿ, ಡಬ್ಬಿಯ ಮುಚ್ಚಳದ ಸಂದಿನಿಂದ ತೇವ ನುಸುಳುತ್ತಲೇ ಇರುತ್ತದೆ. ವರ್ಷದ ಬಹುಪಾಲು ಗಾಳಿಯೇ ಒದ್ದೆಯಾಗಿರುವ ನಮ್ಮ ಊರಿನಲ್ಲಿ ಇದಕ್ಕೆ ಬಿಡುವೆಂಬುದಿಲ್ಲ. ಬ್ರೇಕ್ ಆಯಿಲಿನ ದರ್ಜೆಗಳನ್ನು ಡಾಟ್ ಎಂದು ಗುರುತಿಸುತ್ತಾರೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಕೂಡದು ಎಂಬುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ.

ಹಾಗಾದರೆ ನೀರು ಹೀರದ ದ್ರವವನ್ನೇ ಹಾಕಬಹುದಲ್ಲ? ನನಗೆ ಬಹಳ ಇಷ್ಟವಾದ ಭಾಗ ಇದು. ಸಿಲಿಕೋನಿನ ಡಾಟ್ 5 ಅಂಥದ್ದೇ. ಆದರೆ ಅದರೊಳಗೆ ಹೇಗೋ ಹೊಕ್ಕ ನೀರು ಬೆರೆಯದೆ, ಹನಿಯಾಗಿ ಅತಿ ತಗ್ಗಿನ ಜಾಗಕ್ಕೆ, ಅಂದರೆ ಚಕ್ರದ ಬಳಿ ಬ್ರೇಕ್ ಪ್ಯಾಡನ್ನು ಒತ್ತಿಹಿಡಿಯುವ ಕ್ಯಾಲಿಪರಿಗೆ, ಇಳಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಬಿಸಿಯಾಗುವ ತಾಣವೂ ಅದೇ. ಅಲ್ಲಿ ಶುದ್ಧ ನೀರು 100 ಡಿಗ್ರಿಗೇ ಕುದಿಯುತ್ತದೆ, ಲೋಹಕ್ಕೆ ತುಕ್ಕೂ ಹಿಡಿಸುತ್ತದೆ. ಗ್ಲೈಕಾಲ್ ದ್ರವವಾದರೋ ನೀರನ್ನು ಮೈತುಂಬಾ ಹಂಚಿಕೊಂಡು ಅಪಾಯವನ್ನು ಮುಂದೂಡುತ್ತದೆ. ನಾವು ದೋಷ ಅಂದುಕೊಂಡದ್ದು ಅದರ ಗುಣ. ಬದಲಿಸುವ ಕೆಲಸ ಮಾತ್ರ ನಮ್ಮ ಪಾಲಿಗೆ ಬರುತ್ತದೆ.

1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ದ್ರವದ ಬ್ರೇಕ್ ಬಂತು. ಅದರ ಹಿಂದಿದ್ದವರು ಮಾಲ್ಕಮ್ ಲಾಕ್‌ಹೀಡ್. ಲಾಕ್‌ಹೀಡ್ ವಿಮಾನಗಳ ಹೆಸರು ಬಂದದ್ದೂ ಅದೇ ಮನೆತನದಿಂದ. ಆ ಕಾಲದ ಬ್ರೇಕ್ ದ್ರವಗಳಲ್ಲಿ ಹರಳೆಣ್ಣೆ, ಆಲ್ಕೊಹಾಲ್ ಮಿಶ್ರಣವೂ ಇತ್ತೆಂದರೆ ಇಂದು ನಗು ಬರಬಹುದು.

ಈಗ ಆಗುಂಬೆ ಇಳಿಯೋಣ. 14 ಹೇರ್‌ಪಿನ್ ತಿರುವು. 1200 ಕಿಲೋ ತೂಕದ ಕಾರು 500 ಮೀಟರ್ ಇಳಿದರೆ ಹೊಮ್ಮುವ ಶಕ್ತಿ ಸುಮಾರು 59 ಲಕ್ಷ ಜೂಲ್. 20 ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಸಾಕು. ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಆ ಬಿಸಿಯನ್ನೆಲ್ಲ ಬ್ರೇಕಿನ ತಲೆಗೇ ಕಟ್ಟುತ್ತಾರೆ. (ಈಗಿನ ಕಾರುಗಳಲ್ಲಿ ಗೇರಿನಲ್ಲಿ ಇಳಿಯುವಾಗ ಎಂಜಿನ್ನಿಗೆ ಇಂಧನವೇ ನಿಲ್ಲುತ್ತದೆ, ಉಳಿತಾಯ ಇರುವುದು ಅಲ್ಲಿ.) ನೀರು ಬೆರೆತ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿತೋ, ಕಾಲಿನ ಒತ್ತಡ ಚಕ್ರ ತಲುಪುವುದಿಲ್ಲ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ.

ಹೇಗೋ ಘಾಟಿಯ ಬುಡದ ಸೋಮೇಶ್ವರ ತಲುಪಿ ಕಾರು ನಿಲ್ಲಿಸಿದರೆಂದುಕೊಳ್ಳಿ. ಬ್ರೇಕ್ ಆರುತ್ತದೆ, ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಮೆಕ್ಯಾನಿಕ್ ಒತ್ತಿ ನೋಡಿ "ಎಂತ ಇಲ್ಲ, ಸರಿ ಉಂಟಲ್ಲ" ಅನ್ನುತ್ತಾನೆ. 'ದೃಷ್ಟಿ ತಾಗಿದೆ' ಎಂಬ ವಿವರಣೆಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೇ? ಮುಂದಿನ ಬಂಪರಿಗೆ ನಿಂಬೆ-ಮೆಣಸು ಏರುತ್ತದೆ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವ ಸಂಭ್ರಮಕ್ಕೆ ನನ್ನ ತಕರಾರಿಲ್ಲ. ಕಾರು ತೊಳೆದು ಸೇವಂತಿಗೆ ಮಾಲೆ ಹಾಕುವ ಆ ಹೊತ್ತಿಗೆ ಆಯಿಲ್ ಬದಲಿಸಿದ ತಾರೀಕನ್ನೂ ಒಮ್ಮೆ ನೋಡಬಹುದಲ್ಲ ಎಂಬುದಷ್ಟೇ ಸಿಟ್ಟು.

ಮಟ್ಟ ಇಳಿದಿದೆಯೆಂದು ಮೇಲಿಂದ ಸ್ವಲ್ಪ ಸುರಿಯುವುದು ಬದಲಾವಣೆಯಲ್ಲ. ಪ್ಯಾಡ್ ಸವೆದರೂ ಮಟ್ಟ ಇಳಿಯುತ್ತದೆ. ಕೆಳಗೆ ಕ್ಯಾಲಿಪರಿನಲ್ಲಿರುವ ಹಳೆಯ ಆಯಿಲ್ ಅಲ್ಲೇ ಉಳಿದಿರುತ್ತದೆ. ನಾಲ್ಕೂ ಚಕ್ರದ ಬಳಿ ಆಯಿಲ್ ಹೊರಬಿಡಲೆಂದೇ ಇರುವ ಬ್ಲೀಡರ್ ಸ್ಕ್ರೂ ಸಡಿಲಿಸಿ ಹಳೆಯದನ್ನು ಹೊರಹಾಕಿಸಬೇಕು. ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ, ನೀರಿಗೆ ಬಣ್ಣವಿಲ್ಲ. ಕಳೆದ ವರ್ಷ ತೆರೆದು ಶೆಡ್ಡಿನಲ್ಲಿಟ್ಟ ಅರ್ಧ ಬಾಟಲಿಯನ್ನು ಗ್ಯಾರೇಜಿಗೆ ಒಯ್ಯಬೇಡಿ, ಅದೂ ಒಂದು ಮಳೆಗಾಲ ಕಂಡಿದೆ.