ಮೌನಕ್ಕೆ ಅರ್ಥ ಹಚ್ಚುವ ಮೊದಲು

ಒಂದೇ ಕಚೇರಿಯಲ್ಲಿ, ಒಂದೇ ಸಂಸ್ಕೃತಿಯವರ ತಂಡ ನಡೆಸುವಾಗ ಅರ್ಧ ಸಂಗತಿ ಕೇಳದೆಯೇ ತಿಳಿಯುತ್ತದೆ. ಯಾರ ಮುಖ ಬಾಡಿದೆ, ಯಾರು ಊಟಕ್ಕೂ ಏಳದೆ ಕೂತಿದ್ದಾರೆ, ಮೀಟಿಂಗ್ ಮುಗಿದ ಮೇಲೆ ಯಾರು ಮೂಲೆಯಲ್ಲಿ ನಿಂತು ಗೊಣಗುತ್ತಿದ್ದಾರೆ, ಎಲ್ಲ ಕಣ್ಣಿಗೆ ಬೀಳುತ್ತದೆ. ಅದೇ ತಂಡ ನಾಲ್ಕು ದೇಶಗಳಲ್ಲಿ ಹಂಚಿಹೋಗಿದ್ದರೆ? ಮೇಲ್ ಕಳಿಸುತ್ತೀರಿ. ಎರಡು ದಿನ ಉತ್ತರವೇ ಇಲ್ಲ. ಏನಂತ ತಿಳಿಯುವುದು?

ನಾನು ನೋಡಿದ ಹಾಗೆ, ಇಂಥ ತಂಡಗಳು ಜಗಳದಿಂದ ಕೆಡುವುದಕ್ಕಿಂತ ಮೌನವನ್ನು ತಪ್ಪಾಗಿ ಓದಿ ಕೆಡುವುದೇ ಜಾಸ್ತಿ. ಸಂಶೋಧಕಿ ಕ್ಯಾಥರಿನ್ ಕ್ರ್ಯಾಮ್ಟನ್ 2001ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ದೂರ ದೂರ ಕೂತು ಕೆಲಸ ಮಾಡಿದ 13 ವಿದ್ಯಾರ್ಥಿ ತಂಡಗಳನ್ನು ಅವರು ಗಮನಿಸಿದ್ದರು. ಸುಮ್ಮನಿದ್ದವರು ಒಪ್ಪಿದ್ದಾರೋ, ಒಪ್ಪಿಲ್ಲವೋ, ಊರಲ್ಲೇ ಇಲ್ಲವೋ, ಆಚೆಯವರಿಗೆ ಗೊತ್ತಾಗುತ್ತಿರಲಿಲ್ಲ. ಕಾರಣ ಕಾಣದೇ ಇದ್ದಾಗ ಪರಿಸ್ಥಿತಿಯನ್ನು ಬಿಟ್ಟು ಮನುಷ್ಯನನ್ನೇ ದೂರುತ್ತಿದ್ದರು. ‘ಅವನು ಸೋಮಾರಿ’ ಎಂದುಬಿಡುವುದು ಸುಲಭ, ಅಲ್ವಾ?

ಇದರ ಮೇಲೆ ಸಂಸ್ಕೃತಿಯ ವ್ಯತ್ಯಾಸ ಬಂದು ಕೂರುತ್ತದೆ. ಐಬಿಎಂ ನೌಕರರ ನಡುವೆ 1967ರಿಂದ 1973ರವರೆಗೆ ನಡೆದ ಸಮೀಕ್ಷೆಗಳನ್ನು ಹಿಡಿದು ಡಚ್ ಸಮಾಜ ಮನೋವಿಜ್ಞಾನಿ ಗೀರ್ಟ್ ಹಾಫ್‌ಸ್ಟೀಡ್ ಒಂದು ಮಾತು ತೋರಿಸಿಕೊಟ್ಟರು. ಮೇಲಧಿಕಾರಿಯ ಎದುರು ಭಿನ್ನಾಭಿಪ್ರಾಯ ಹೇಳುವ ಅಳುಕು ಎಲ್ಲ ದೇಶಗಳಲ್ಲೂ ಒಂದೇ ಮಟ್ಟದಲ್ಲಿಲ್ಲ. ಒಂದು ಕಡೆ ಸುಮ್ಮನಿರುವುದು ಮರ್ಯಾದೆ. ಇನ್ನೊಂದು ಕಡೆ ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತಾರೆ. ಆದರೆ ಇವೆಲ್ಲ ದೇಶದ ಸರಾಸರಿಗಳು. ನಿಮ್ಮ ತಂಡದಲ್ಲಿರುವ ಆ ಒಬ್ಬರ ಬಗ್ಗೆ ಇವು ಏನನ್ನೂ ಖಚಿತವಾಗಿ ಹೇಳುವುದಿಲ್ಲ. ದೇಶ ನೋಡಿ ಸ್ವಭಾವ ಊಹಿಸುವ ಮ್ಯಾನೇಜರ್‌ಗಳನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಹಾಗಾದರೆ ಬೇಕಾದ ಕೌಶಲ ಯಾವುದು? ಮೊದಲನೆಯದು, ಕೇಳುವ ರೀತಿ ಬದಲಾಯಿಸುವುದು. ‘ಯಾರಿಗಾದರೂ ಆಕ್ಷೇಪ ಇದೆಯಾ?’ ಎಂದು ವಿಡಿಯೋ ಕರೆಯಲ್ಲಿ ಕೇಳಿದರೆ ಧೈರ್ಯ ಇರುವವರು, ಇಂಗ್ಲಿಷ್ ಚೆನ್ನಾಗಿ ಬರುವವರು ಮಾತ್ರ ಬಾಯಿ ಬಿಡುತ್ತಾರೆ. ಅದರ ಬದಲು, ‘ಈ ಯೋಜನೆ ಕೆಟ್ಟರೆ ಎಲ್ಲಿ ಕೆಡಬಹುದು? ನಾಳೆ ಸಂಜೆಯೊಳಗೆ ಪ್ರತಿಯೊಬ್ಬರೂ ಎರಡು ಸಾಲು ಬರೆದು ಕಳಿಸಿ’ ಎನ್ನಿ. ಈಗ ತಪ್ಪು ತೋರಿಸುವುದೇ ಅವರಿಗೆ ಕೊಟ್ಟ ಕೆಲಸ. ಅದು ಯಾರನ್ನೂ ಎದುರುಹಾಕಿಕೊಂಡ ಹಾಗಾಗುವುದಿಲ್ಲ. ಯೋಚಿಸಿ ಬರೆಯಲು ಸಮಯವೂ ಸಿಗುತ್ತದೆ. ನೇರ ಕರೆಯಲ್ಲಿ ತುಟಿ ಬಿಚ್ಚದವರಿಂದ ಬಹಳ ಒಳ್ಳೆಯ ಎಚ್ಚರಿಕೆಗಳು ಹೀಗೆ ಬರುತ್ತವೆ.

ಇನ್ನೊಂದು, ಉತ್ತರದ ನಿಯಮ. ‘ನೋಡಿದೆ, ಗುರುವಾರ ಹೇಳುತ್ತೇನೆ’ ಎಂಬ ಒಂದು ಸಾಲು ಸಾಕು. ಇದನ್ನು ತಂಡ ಶುರುವಾದ ಮೊದಲ ವಾರವೇ ಎಲ್ಲರೂ ಸೇರಿ ಒಪ್ಪಿಕೊಳ್ಳಬೇಕು, ಮ್ಯಾನೇಜರ್ ಕೂಡ ಪಾಲಿಸಬೇಕು. ತಾರೀಖು ಬರೆಯುವಾಗ ತಿಂಗಳ ಹೆಸರು ಹಾಕಿ. 03/04 ಅಂದರೆ ಅಮೆರಿಕದವರಿಗೆ ಮಾರ್ಚ್ 4, ಬ್ರಿಟನ್ನಿನವರಿಗೆ ಏಪ್ರಿಲ್ 3.

ಸಮಯದ ವಿಷಯ ಮಾತ್ರ ಹಗುರವಾಗಿ ನೋಡಬೇಡಿ. ಬೇಸಿಗೆಯ ಹಗಲು ಬೆಳಕು ಬಳಸಿಕೊಳ್ಳಲು ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದು ಮಾರ್ಚ್ ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ಭಾರತದಲ್ಲಿ ಬದಲಾವಣೆಯೇ ಇಲ್ಲ. ನಡುವಿನ ಆ ವಾರಗಳಲ್ಲಿ ಯಾರಾದರೂ ಒಂದು ಗಂಟೆ ಹಿಂದೆ ಮುಂದೆ ಆಗಿಯೇ ಆಗುತ್ತಾರೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಮೀಟಿಂಗ್ ಯಾವಾಗಲೂ ಯಾರ ರಾತ್ರಿ ಹತ್ತಕ್ಕೆ ಬೀಳುತ್ತದೆ ಎಂಬುದು. ಮುಖ್ಯ ಕಚೇರಿಗೆ ಅನುಕೂಲವಾದ ವೇಳೆಯನ್ನೇ ವರ್ಷಪೂರ್ತಿ ಇಟ್ಟರೆ, ಸದಾ ನಿದ್ದೆಗೆಟ್ಟು ಕೂರುವವರು ಮೊದಲು ಮಾತು ಕಡಿಮೆ ಮಾಡುತ್ತಾರೆ, ಆಮೇಲೆ ಕೆಲಸ ಬಿಡುತ್ತಾರೆ. ವೇಳೆಯನ್ನು ತಿಂಗಳಿಗೊಮ್ಮೆ ಸರದಿಯಂತೆ ಬದಲಾಯಿಸಿ. ಮೊದಲ ತಿಂಗಳ ತಡರಾತ್ರಿ ನಿಮ್ಮದೇ ಆಗಿರಲಿ.